ಹಳೇ ಕಾರಿನ ಟಿಕ್ ಟಿಕ್: ಇಂಜೆಕ್ಟರಿಗಿಂತ ಮೊದಲು ವೈರು ನೋಡಿ

(ಹಳೇ ಕಾರು ಇಟ್ಟುಕೊಂಡವರ ಒಂದು ಭಾನುವಾರದ ಸಭೆಯಲ್ಲಿ ಆಡಿದ ಮಾತು ಇದು. ಬರೆಯುವಾಗ ಅಲ್ಲಲ್ಲಿ ತಿದ್ದಿದ್ದೇನೆ. ಕೊನೆಗೆ ಕೇಳಿದ ಪ್ರಶ್ನೆಗಳಲ್ಲಿ ಕೆಲವನ್ನು ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಹೊರಗೆ ನಿಂತಿರುವ ಕಾರುಗಳ ಸಾಲು ನೋಡಿಕೊಂಡೇ ಒಳಗೆ ಬಂದೆ. ಮಾರುತಿ 800, ಜೆನ್, ಎಸ್ಟೀಮ್, ಸ್ಯಾಂಟ್ರೋ, ಒಂದೆರಡು ಹಳೇ ಸಿಟಿ. ಬಹುತೇಕ ಎಲ್ಲದಕ್ಕೂ ಇಪ್ಪತ್ತು ವರ್ಷ ದಾಟಿದೆ. ಗಾಳಿಗೆ ಪೆಟ್ರೋಲ್ ಬೆರೆಸುವ ಕಾರ್ಬುರೇಟರ್ ಹೋಗಿ, ಪೆಟ್ರೋಲನ್ನು ಅಳೆದು ಚಿಮ್ಮಿಸುವ ಇಂಜೆಕ್ಷನ್ ಬಂದ ಕಾಲದ ಕಾರುಗಳು ಇವು. 1999ರಲ್ಲಿ ಸುಪ್ರೀಂ ಕೋರ್ಟ್ ದೆಹಲಿ ಸುತ್ತಮುತ್ತ ಮಾರುವ ಹೊಸ ಕಾರುಗಳಿಗೆ ಯೂರೋ ಎಂಬ ಹೊಗೆ ನಿಯಮ ಕಡ್ಡಾಯ ಮಾಡಿತು. 2000ದಲ್ಲಿ ಇಡೀ ದೇಶಕ್ಕೆ ಹೊಸ ಹೊಗೆ ನಿಯಮ ಬಂತು. ಆಮೇಲೆ ಕಾರಿನ ಹಿಂದೆ ‘ಎಂಪಿಎಫ್ಐ’ (ಒಂದೊಂದು ಸಿಲಿಂಡರಿಗೂ ಬೇರೆ ಬೇರೆ ಇಂಜೆಕ್ಟರ್) ಅಂತ ಅಕ್ಷರ ಅಂಟಿಸಿಕೊಂಡು ಓಡಾಡುವುದೇ ಒಂದು ಗತ್ತು ಆಗಿತ್ತು, ನೆನಪಿದೆ ಅಲ್ವಾ?

ಆ ಗತ್ತಿನ ಕಾರುಗಳಿಗೆ ಈಗ ವಯಸ್ಸಾಗಿದೆ. ನನ್ನ ಹತ್ತಿರ ಬರುವ ದೂರುಗಳಲ್ಲಿ ಒಂದು ಮತ್ತೆ ಮತ್ತೆ ಬರುತ್ತದೆ. “ಬಾನೆಟ್ ಎತ್ತಿದರೆ ಟಿಕ್ ಟಿಕ್ ಅನ್ನುತ್ತದೆ, ಇಂಜೆಕ್ಟರ್ ಹೋಗಿದೆ ಅಂದ್ರು, ನಾಲ್ಕೂ ಬದಲಾಯಿಸಬೇಕಂತೆ.” ಇಂಜೆಕ್ಟರ್ ಅಂದರೆ ಇಂಜಿನ್ನಿಗೆ ಪೆಟ್ರೋಲ್ ಚಿಮ್ಮಿಸುವ ಕರೆಂಟಿನ ವಾಲ್ವು. ನಾನು ಆಟೋ ಎಲೆಕ್ಟ್ರಿಷಿಯನ್. ಹಾಗಾಗಿ ವೈರಿನ ಪರ ಸ್ವಲ್ಪ ಪಕ್ಷಪಾತ ಇದ್ದರೂ ಇರಬಹುದು. ಆದರೂ ಹೇಳುತ್ತೇನೆ: ಟಿಕ್ ಟಿಕ್ ಕೇಳುತ್ತಿದ್ದರೆ ಇಂಜೆಕ್ಟರಿಗೆ ಕರೆಂಟು ಬರುತ್ತಿದೆ, ಅದು ಬಾಯಿ ತೆರೆಯುತ್ತಿದೆ ಅಂತ ಅರ್ಥ. ಹೆದರಬೇಕಾದದ್ದು ಆ ಟಿಕ್ ನಿಂತಾಗ, ಇಲ್ಲವೇ ಒಂದರಲ್ಲಿ ಮಾತ್ರ ಮಂಕಾದಾಗ. ಆಗಲೂ ಮೊದಲು ನೋಡಬೇಕಾದ್ದು ಇಂಜೆಕ್ಟರನ್ನಲ್ಲ, ಅದಕ್ಕೆ ಹೋಗುವ ವೈರನ್ನು.

ಆ ಟಿಕ್ ಎಲ್ಲಿಂದ ಬರುತ್ತದೆ? ಪೆಟ್ರೋಲ್ ಇಂಜೆಕ್ಟರ್ ಒಳಗೆ ಒಂದು ತಾಮ್ರದ ಕಾಯಿಲ್, ಒಂದು ಸಣ್ಣ ಸೂಜಿ, ಒಂದು ಸ್ಪ್ರಿಂಗು ಇರುತ್ತವೆ. ಸೂಜಿಯ ಹಿಂದೆ ಸುಮಾರು 3 ಬಾರ್ ಒತ್ತಡದಲ್ಲಿ ಪೆಟ್ರೋಲ್ ಕಾಯುತ್ತಿರುತ್ತದೆ. ಕಾಯಿಲ್‌ಗೆ ಕರೆಂಟು ಬಂದ ತಕ್ಷಣ ಸೂಜಿ ಮೇಲೇಳುತ್ತದೆ. ಏಳುವುದು ಎಷ್ಟು? ಒಂದು ಮಿಲಿಮೀಟರಿನ ಹತ್ತನೇ ಒಂದು ಭಾಗದಷ್ಟು. ಐಡ್ಲಿಂಗಿನಲ್ಲಿ, ಅಂದರೆ ಕಾರು ನಿಂತು ಇಂಜಿನ್ ಮಾತ್ರ ಓಡುವಾಗ, ಎರಡು ಮೂರು ಮಿಲಿಸೆಕೆಂಡು ತೆರೆದಿದ್ದು ಮತ್ತೆ ಕೂತುಕೊಳ್ಳುತ್ತದೆ. ಎದ್ದಾಗ ಒಂದು ಬಡಿತ, ಕೂತಾಗ ಒಂದು ಬಡಿತ. ನಮ್ಮ ಕಿವಿಗೆ ಎರಡೂ ಸೇರಿ ಒಂದೇ ಟಿಕ್.

ಈಗ ಲೆಕ್ಕ ಹಾಕಿ. ಐಡ್ಲಿಂಗಿನಲ್ಲಿ ಇಂಜಿನ್ ನಿಮಿಷಕ್ಕೆ 800 ಸುತ್ತು ತಿರುಗುತ್ತದೆ. ಸರದಿಯಂತೆ ಪೆಟ್ರೋಲ್ ಹಾಕುವ ಕಾರಿನಲ್ಲಿ ಎರಡು ಸುತ್ತಿಗೆ ಒಂದು ಸಲ ಒಂದೊಂದು ಇಂಜೆಕ್ಟರ್ ತೆರೆಯುತ್ತದೆ. ಅಂದರೆ ನಿಮಿಷಕ್ಕೆ 400 ಸಲ, ಸೆಕೆಂಡಿಗೆ ಏಳಕ್ಕಿಂತ ಸ್ವಲ್ಪ ಕಡಿಮೆ. ನಾಲ್ಕೂ ಸೇರಿದರೆ ಸೆಕೆಂಡಿಗೆ 27ರ ಹತ್ತಿರ. ಅಷ್ಟು ವೇಗದಲ್ಲಿ ಬಿಡಿ ಬಿಡಿ ಟಿಕ್ ಕೇಳುವುದಿಲ್ಲ, ಒಂದೇ ಸಮ ಕಟಕಟ ಅನ್ನುತ್ತದೆ. ಇನ್ನು ಕೆಲವು ಹಳೆಯ ವ್ಯವಸ್ಥೆಗಳಲ್ಲಿ ನಾಲ್ಕೂ ಒಟ್ಟಿಗೆ, ಪ್ರತಿ ಸುತ್ತಿಗೂ ತೆರೆಯುತ್ತವೆ. ಅಲ್ಲಿ ಲಯ ಬೇರೆ, ಸದ್ದೂ ಸ್ವಲ್ಪ ಜೋರು.

ಗೊಂದಲ ಶುರುವಾಗುವುದೇ ಇಲ್ಲಿ. ಇಂಜಿನ್ನಿನ ವಾಲ್ವು ಕೂಡ ಎರಡು ಸುತ್ತಿಗೆ ಒಂದೇ ಸಲ ತೆರೆಯುವುದು. ವಾಲ್ವನ್ನು ಒತ್ತುವ ಟ್ಯಾಪೆಟ್‌ನ ಗ್ಯಾಪ್ ಜಾಸ್ತಿಯಾಗಿದ್ದರೆ ಅದರ ಸದ್ದೂ ಇದೇ ಲಯದಲ್ಲಿ ಬರುತ್ತದೆ. ಲಯ ಕೇಳಿ ಎರಡನ್ನೂ ಬೇರೆ ಮಾಡಲು ಆಗುವುದಿಲ್ಲ. ಜಾಗ ಹಿಡಿಯಬೇಕು. ಉದ್ದನೆಯ ಸ್ಕ್ರೂಡ್ರೈವರ್ ತೆಗೆದುಕೊಳ್ಳಿ. ತುದಿಯನ್ನು ಇಂಜೆಕ್ಟರಿನ ಮೈಗೆ ತಾಗಿಸಿ, ಹಿಡಿಕೆಯನ್ನು ಕಿವಿಯ ಪಕ್ಕದ ಮೂಳೆಗೆ ಒತ್ತಿ. ಮೆಕ್ಯಾನಿಕ್ ಸ್ಟೆತಸ್ಕೋಪ್ ಸಿಕ್ಕರೆ ಇನ್ನೂ ಒಳ್ಳೆಯದು. ಸೆರಗು, ಜಡೆ, ಸಡಿಲವಾದ ತೋಳು, ಕೊರಳ ಸರ, ಇವು ಯಾವುವೂ ಫ್ಯಾನು ಬೆಲ್ಟಿನ ಹತ್ತಿರ ಹೋಗಬಾರದು. ಒಂದೊಂದೇ ಇಂಜೆಕ್ಟರ್ ಕೇಳುತ್ತಾ ಹೋಗಿ. ನಾಲ್ಕೂ ಒಂದೇ ಥರ ಚುರುಕಾಗಿ ಬಡಿಯುತ್ತಿದ್ದರೆ ಅವುಗಳನ್ನು ಸುಮ್ನೆ ಬಿಟ್ಟುಬಿಡಿ. ಆಮೇಲೆ ಟ್ಯಾಪೆಟ್ ಕವರ್ ಮೇಲಿಡಿ. ಟ್ಯಾಪೆಟ್ ಸದ್ದು ಅಲ್ಲಿ ಜೋರು, ಸ್ವಲ್ಪ ಮೊಂಡು ದನಿ.

ಟಿಕ್ ಅನ್ನುವ ಕಳ್ಳರು ಇನ್ನೂ ಮೂವರಿದ್ದಾರೆ. ಹೊಗೆ ಕೊಳವೆ ಇಂಜಿನ್ನಿಗೆ ಸೇರುವ ಜಾಗದ ಎಗ್ಸಾಸ್ಟ್ ಮ್ಯಾನಿಫೋಲ್ಡ್ ಗ್ಯಾಸ್ಕೆಟ್ ಸೋರಿದರೆ ಇಂಜಿನ್ ತಣ್ಣಗಿದ್ದಾಗ ಟಿಕ್ ಜೋರು. ಬಿಸಿಯಾಗಿ ಲೋಹ ಹಿಗ್ಗಿದ ಮೇಲೆ ಕಡಿಮೆಯಾಗುತ್ತದೆ. ಪೆಟ್ರೋಲ್ ಆವಿ ಎಳೆದುಕೊಳ್ಳುವ ಪರ್ಜ್ ವಾಲ್ವ್ ಇಂಜಿನ್ ಬಿಸಿಯಾದ ಮೇಲೆ ಟಿಕ್ ಅನ್ನಲು ಶುರು ಮಾಡುತ್ತದೆ. ಅದರ ಕೆಲಸವೇ ಅದು, ರೋಗ ಅಲ್ಲ. ಮೂರನೆಯದು ಸ್ಪಾರ್ಕ್ ಪ್ಲಗ್ ವೈರು. ರಬ್ಬರ್ ಹಳತಾಗಿ ಸೀಳು ಬಿಟ್ಟಾಗ ಕಿಡಿ ಪ್ಲಗ್‌ಗೆ ಹೋಗದೆ ಪಕ್ಕದ ಲೋಹಕ್ಕೆ ಹಾರುತ್ತದೆ. ಆ ಚಟ್ ಚಟ್ ಸದ್ದು ಇಂಜೆಕ್ಟರಿನದೇ ಅನ್ನಿಸುತ್ತದೆ. ಕತ್ತಲಾದ ಮೇಲೆ ಲೈಟು ಆರಿಸಿ ಬಾನೆಟ್ ಎತ್ತಿ ನೋಡಿ. ನೀಲಿ ಕಿಡಿ ಬರಿಗಣ್ಣಿಗೇ ಕಾಣುತ್ತದೆ. ಆದರೆ ಪೆಟ್ರೋಲ್ ವಾಸನೆ ಬರುತ್ತಿದ್ದರೆ ಈ ಪರೀಕ್ಷೆ ಬೇಡ, ಕಾರು ಸ್ಟಾರ್ಟ್ ಮಾಡುವುದೇ ಬೇಡ.

ಕಿವಿಯಿಂದ ಇಂಜೆಕ್ಷನ್ನಿನ ತೊಂದರೆ ಹಿಡಿಯುವುದು ನಮ್ಮವರಿಗೆ ಹೊಸದೇನಲ್ಲ. ಬೆಂಗಳೂರಿನ ಆಡುಗೋಡಿಯ ಮೈಕೋ ಗೊತ್ತಲ್ಲ, ಈಗಿನ ಬಾಷ್. 1951ರಲ್ಲಿ ಶುರುವಾದ ಕಂಪನಿ. ಡೀಸೆಲ್ ಪಂಪು, ಡೀಸೆಲ್ ಚಿಮ್ಮಿಸುವ ನಾಜಲ್, ಸ್ಪಾರ್ಕ್ ಪ್ಲಗ್ ಮಾಡುತ್ತಿತ್ತು. ಆ ಪಂಪು, ನಾಜಲ್ ರಿಪೇರಿ ಮಾಡುವ ಅಂಗಡಿಗಳು ಊರೂರಲ್ಲಿ ಹುಟ್ಟಿಕೊಂಡವು. ಅಲ್ಲಿ ಕೈಪಂಪಿಗೆ ನಾಜಲ್ ಸಿಕ್ಕಿಸಿ ಒತ್ತುತ್ತಾರೆ. ನಾಜಲ್ ಚೆನ್ನಾಗಿದ್ದರೆ ಕರ್ರ್ ಅಂತ ನಡುಗಿ ಮಂಜಿನ ಹಾಗೆ ಚಿಮ್ಮಿಸುತ್ತದೆ. ಕೆಟ್ಟಿದ್ದರೆ ಸದ್ದಿಲ್ಲದೆ ಧಾರೆ ಸುರಿಯುತ್ತದೆ. ಹಳೇ ಮೇಸ್ತ್ರಿ ಮೀಟರ್ ನೋಡುವ ಮೊದಲೇ ಸದ್ದು ಕೇಳಿ ಹೇಳಿಬಿಡುತ್ತಿದ್ದರು. ಅಲ್ಲಿ ನೂರು ಬಾರ್ ದಾಟಿದ ಒತ್ತಡ ಇರುತ್ತದೆ. ಆ ಧಾರೆಗೆ ಕೈ ಒಡ್ಡಿದರೆ ಚರ್ಮದೊಳಗೇ ನುಗ್ಗುತ್ತದೆ. ಪೆಟ್ರೋಲ್ ಕಾರಿನ 3 ಬಾರ್ ಅದರ ಮುಂದೆ ಏನೂ ಅಲ್ಲ. ಆದರೆ ಡೀಸೆಲ್ ನಾಜಲ್ಲಿನ ಸದ್ದಿನಲ್ಲಿ ಸಿಂಪಡಣೆಯ ಗುಣವೂ ಗೊತ್ತಾಗುತ್ತದೆ. ಪೆಟ್ರೋಲ್ ಇಂಜೆಕ್ಟರಿನ ಟಿಕ್‌ನಲ್ಲಿ ಅದು ಗೊತ್ತಾಗುವುದಿಲ್ಲ. ತುದಿಯಲ್ಲಿ ಕಸ ಕಟ್ಟಿ ಅರ್ಧ ಪೆಟ್ರೋಲ್ ಮಾತ್ರ ಬರುತ್ತಿದ್ದರೂ ಸೂಜಿ ಟಿಕ್ ಅನ್ನುತ್ತಲೇ ಇರುತ್ತದೆ.

ಇನ್ನೊಂದು ಸದ್ದು ಕೀ ತಿರುಗಿಸಿದಾಗ ಹಿಂದಿನ ಸೀಟಿನ ಕೆಳಗಿಂದ ಬರುವುದು. ಗುಂಯ್ ಅಂತ ಎರಡು ಮೂರು ಸೆಕೆಂಡು, ಟ್ಯಾಂಕಿನಿಂದ ಇಂಜೆಕ್ಟರಿಗೆ ಪೆಟ್ರೋಲ್ ಕಳಿಸುವ ಪಂಪು ತಿರುಗಿ ನಿಲ್ಲಬೇಕು. ರೇಡಿಯೋ ಆರಿಸಿ ಕೇಳಿ. ಸದ್ದೇ ಇಲ್ಲದಿದ್ದರೆ ಫ್ಯೂಸು, ರಿಲೇ (ಪಂಪಿಗೆ ಕರೆಂಟು ಬಿಡುವ ಸ್ವಿಚ್ಚು), ವೈರು, ಪಂಪು, ಈ ಕ್ರಮದಲ್ಲಿ ನೋಡಿ. ಎಲ್ಲರೂ ಪಂಪಿನಿಂದ ಶುರು ಮಾಡುತ್ತಾರೆ, ಏಕೆಂದರೆ ಅದರ ಬೆಲೆ ಜಾಸ್ತಿ! ಸದ್ದು ತೀರಾ ಕೀರಲಾಗಿದ್ದರೆ ಟ್ಯಾಂಕು ಖಾಲಿಯಾಗಿರಬಹುದು, ಇಲ್ಲವೇ ಫಿಲ್ಟರ್ ಕಟ್ಟಿರಬಹುದು. ಮೊದಲಿಗಿಂತ ಮಂಕಾಗಿ, ಸೋತ ಹಾಗೆ ತಿರುಗುತ್ತಿದ್ದರೆ ಪಂಪಿಗೆ ಪೂರ್ತಿ ವೋಲ್ಟೇಜ್ ಸಿಗುತ್ತಿದೆಯಾ ನೋಡಬೇಕು.

ಈಗ ವೈರಿನ ವಿಷಯ. ಒಂದು ಕಾರಿನ ಕತೆ ಹೇಳಿಬಿಡುತ್ತೇನೆ, ಅದರಲ್ಲೇ ಅರ್ಧ ಪಾಠ ಇದೆ.

ಹಾಸನದ ಕಡೆಯ ಒಬ್ಬ ನಿವೃತ್ತ ಮೇಷ್ಟ್ರು ಕಾರು ತಂದರು. ನಾಲ್ಕು ಸಿಲಿಂಡರ್, ಸರದಿ ಇಂಜೆಕ್ಷನ್. ಬೆಳಿಗ್ಗೆ ಚೆನ್ನಾಗಿ ಸ್ಟಾರ್ಟ್ ಆಗುತ್ತದೆ, ಹತ್ತು ಹದಿನೈದು ಕಿಲೋಮೀಟರ್ ಓಡಿ ಬಿಸಿಯಾದ ಮೇಲೆ ಮಿಸ್ಸಿಂಗ್, ಅಂದರೆ ಒಂದು ಸಿಲಿಂಡರ್ ಆಗಾಗ ಉರಿಯದೆ ಇಂಜಿನ್ ನಡುಗುತ್ತದೆ. ಒಂದು ಗ್ಯಾರೇಜಿನಲ್ಲಿ ನಾಲ್ಕೂ ಇಂಜೆಕ್ಟರ್ ಬದಲಾಯಿಸಿ ಎಂದಿದ್ದರು. “ಸಾರ್, ಆ ದುಡ್ಡಿಗೆ ಇನ್ನೊಂದು ಹಳೇ ಕಾರೇ ಬರುತ್ತದೆ” ಅಂದರು. ತಮಾಷೆಗೆ ಹೇಳಿದ್ದಲ್ಲ.

“ಇರಿ ಮೇಷ್ಟ್ರೇ, ಮೊದಲು ಬಿಸಿ ಮಾಡೋಣ” ಎಂದೆ. ಬಿಸಿಯಾಯಿತು, ಮಿಸ್ಸಿಂಗ್ ಬಂತು. ಸ್ಕ್ರೂಡ್ರೈವರ್ ಇಟ್ಟು ಕೇಳಿದರೆ ಒಂದು, ಎರಡು, ನಾಲ್ಕು ಚುರುಕಾಗಿವೆ. ಮೂರನೆಯದು ಒಮ್ಮೆ ಬಡಿಯುತ್ತದೆ, ಒಮ್ಮೆ ತಪ್ಪಿಸುತ್ತದೆ. ಇಂಜಿನ್ ಆಫ್ ಮಾಡಿ ನಾಲ್ಕೂ ಇಂಜೆಕ್ಟರಿನ ಓಮ್ಸ್, ಅಂದರೆ ಕಾಯಿಲ್ ಕರೆಂಟಿಗೆ ಒಡ್ಡುವ ತಡೆ, ಅಳೆದೆ. ಈ ಥರದ ಇಂಜೆಕ್ಟರಿಗೆ ಸಾಮಾನ್ಯವಾಗಿ 12ರಿಂದ 16 ಓಮ್ಸ್ ಇರಬೇಕು. ನಾಲ್ಕೂ ಸರಿಯಾಗಿದ್ದವು, ಒಂದಕ್ಕೊಂದು ಹತ್ತಿರವೂ ಇದ್ದವು. ಅನುಮಾನ ಪೂರ್ತಿ ಹೋಗಲಿ ಅಂತ ಎರಡನೆಯ ಇಂಜೆಕ್ಟರನ್ನು ಮೂರನೆಯ ಜಾಗಕ್ಕೆ, ಮೂರನೆಯದನ್ನು ಎರಡನೆಯ ಜಾಗಕ್ಕೆ ಹಾಕಿದೆ. ಹೊಸ ಓ-ರಿಂಗ್ (ಸೋರದಂತೆ ತಡೆಯುವ ರಬ್ಬರ್ ಬಳೆ) ಹಾಕಿಯೇ ಮಾಡಬೇಕಾದ ಕೆಲಸ ಇದು. ಹಳೇ ಓ-ರಿಂಗ್ ಹಾಕಿದರೆ ಪೆಟ್ರೋಲ್ ಸೋರಿ ಬೆಂಕಿಗೆ ದಾರಿಯಾಗುತ್ತದೆ. ಮತ್ತೆ ಬಿಸಿ ಮಾಡಿದೆವು. ತಪ್ಪುವ ಟಿಕ್ ಇಂಜೆಕ್ಟರಿನ ಜೊತೆ ಎರಡಕ್ಕೆ ಹೋಗಲಿಲ್ಲ. ಮೂರರಲ್ಲೇ ಉಳಿಯಿತು. ಅಲ್ಲಿಗೆ ಇಂಜೆಕ್ಟರ್ ನಿರ್ದೋಷಿ.

ಮೂರನೆಯ ಇಂಜೆಕ್ಟರಿಗೆ ವೈರು ಸಿಕ್ಕಿಸುವ ಪ್ಲಾಸ್ಟಿಕ್ ಕಪ್ಲರ್‌ಗೆ ಬರುವ ಎರಡು ವೈರುಗಳನ್ನು ಬೆರಳಲ್ಲಿ ಹಿಡಿದು ಮೆಲ್ಲಗೆ ಎಳೆದೆ. ಒಂದು ವೈರು ಗಟ್ಟಿಯಾಗಿತ್ತು. ಇನ್ನೊಂದು ಹಿಗ್ಗಿತು. ಒಳಗೆ ತಾಮ್ರ ಸರಿಯಾಗಿದ್ದರೆ ವೈರು ಹಿಗ್ಗುವುದಿಲ್ಲ. ಹಿಗ್ಗಿತೆಂದರೆ ಎಳೆಗಳು ತುಂಡಾಗಿವೆ, ಹೊರಗಿನ ಪ್ಲಾಸ್ಟಿಕ್ ಮಾತ್ರ ಹಿಡಿದುಕೊಂಡಿದೆ. ಬ್ಲೇಡಿನಿಂದ ಸೀಳಿ ನೋಡಿದರೆ ಕಪ್ಲರ್‌ನಿಂದ ಎರಡು ಬೆರಳು ದೂರದಲ್ಲಿ ಎಳೆಗಳು ಕಪ್ಪಾಗಿ ತುಂಡಾಗಿದ್ದವು. ವೈರುಗಳ ಕಟ್ಟನ್ನು, ಅಂದರೆ ಹಾರ್ನೆಸ್ಸನ್ನು, ಹಿಡಿದಿಡುವ ಕ್ಲಿಪ್ ಯಾವಾಗಲೋ ಮುರಿದುಹೋಗಿತ್ತು. ಇಂಜಿನ್ ಅಲುಗಿದಾಗೆಲ್ಲ ವೈರು ಅದೇ ಜಾಗದಲ್ಲಿ ಬಾಗಿ ಬಾಗಿ ಸವೆದಿತ್ತು. ತಣ್ಣಗಿದ್ದಾಗ ತುದಿಗಳು ತಾಗುತ್ತಿದ್ದವು, ಬಿಸಿಯಾಗಿ ಪ್ಲಾಸ್ಟಿಕ್ ಮೆತ್ತಗಾದಾಗ ದೂರ ಸರಿಯುತ್ತಿದ್ದವು. ಒಂದು ಗೇಣು ಹೊಸ ವೈರು, ಒಂದು ಕ್ಲಿಪ್. ಮೇಷ್ಟ್ರು ಅದೇ ಸಂಜೆ ಹಾಸನಕ್ಕೆ ವಾಪಸ್ ಹೋದರು.

ವೈರು ಏಕೆ ಹಾಗಾಗುತ್ತದೆ? ಕಾರಿನ ಬಹುತೇಕ ವೈರಿನ ಮೇಲಿರುವುದು ಪಿವಿಸಿ ಪ್ಲಾಸ್ಟಿಕ್. ಅದನ್ನು ಮೆತ್ತಗಿಡಲು ಎಣ್ಣೆಯಂಥ ಪದಾರ್ಥ ಬೆರೆಸಿರುತ್ತಾರೆ. ಬಿಸಿಗೆ ಅದು ವರ್ಷ ವರ್ಷ ಆರಿಹೋಗುತ್ತದೆ. ಆಮೇಲೆ ವೈರು ಬಾಗಿಸಿದರೆ ಹಪ್ಪಳದ ಹಾಗೆ ಮುರಿಯುತ್ತದೆ. ಆ ಸೀಳಿನಿಂದ ನೀರು, ಗಾಳಿ ಒಳಗೆ ಹೋಗಿ ತಾಮ್ರ ಹಸಿರಾಗುತ್ತದೆ. ಮಂಗಳೂರು, ಕಾರವಾರದ ಉಪ್ಪುಗಾಳಿಯಲ್ಲಿ ಇದು ಬೇಗ. ಬ್ಯಾಟರಿ ಪಕ್ಕದ ವೈರಿಗೆ ಆಸಿಡ್ ಆವಿಯ ಕಾಟ ಬೇರೆ.

ಕಂಪನಿಯವರೂ ಇದರಲ್ಲಿ ಎಡವಿದ್ದುಂಟು. 1990ರ ದಶಕದ ಮೊದಲ ಭಾಗದ ಮರ್ಸಿಡಿಸ್ ಡಬ್ಲ್ಯೂ124 ಕಾರುಗಳ ಇಂಜಿನ್ ಹಾರ್ನೆಸ್ ಜಗತ್ತಿಗೇ ಗೊತ್ತಿರುವ ಕತೆ. ವೈರಿನ ಮೇಲಿನ ಹೊದಿಕೆ ಕೆಲವೇ ವರ್ಷಗಳಲ್ಲಿ ಪುಡಿಯಾಗಿ ಉದುರುತ್ತಿತ್ತು, ಬರೀ ತಾಮ್ರ ಒಂದಕ್ಕೊಂದು ತಾಗುತ್ತಿತ್ತು. ಭಾರತದಲ್ಲಿ ಮರ್ಸಿಡಿಸ್ ಮೊದಲು ಜೋಡಿಸಿ ಮಾರಿದ್ದೂ ಡಬ್ಲ್ಯೂ124ನ್ನೇ. ಆ ಕಾಲದ ಪೆಟ್ರೋಲ್ ಮಾಡೆಲ್ ಯಾರಾದರೂ ಕೊಳ್ಳುವುದಿದ್ದರೆ ಬಣ್ಣ ನೋಡುವ ಮೊದಲು ಹಾರ್ನೆಸ್ ಬದಲಾಗಿದೆಯಾ ಕೇಳಿ.

ನಮ್ಮ ಕಾರುಗಳಲ್ಲಿ ವಯಸ್ಸಿಗಿಂತ ದೊಡ್ಡ ಶತ್ರು ನಾವೇ. ಡಬಲ್ ಹಾರ್ನ್, ಫಾಗ್ ಲ್ಯಾಂಪ್, ರಿವರ್ಸ್ ಮ್ಯೂಸಿಕ್, ಸೆಂಟ್ರಲ್ ಲಾಕು, ಆಂಪ್ಲಿಫೈಯರು. ಒಂದೊಂದಕ್ಕೂ ಒಬ್ಬೊಬ್ಬ ಬಂದು ವೈರಿನ ಸಿಪ್ಪೆ ಸುಲಿದು, ತಿರುಚಿ, ಕಪ್ಪು ಟೇಪ್ ಸುತ್ತಿ ಹೋಗಿರುತ್ತಾನೆ. ಆ ಟೇಪಿನ ಅಂಟು ಬೇಸಿಗೆಗೆ ಕರಗಿ ಜಾರುತ್ತದೆ. ಅದರ ಮೇಲೆ ಫ್ಯೂಸ್ ಹೋಯಿತು ಅಂತ ನೀಲಿ 15 ಆಂಪ್ಸ್ ತೆಗೆದು ಹಸಿರು 30 ಹಾಕಿರುತ್ತಾರೆ. ಸಿಗರೇಟು ಪ್ಯಾಕಿನ ಬೆಳ್ಳಿ ಕಾಗದ ಸುತ್ತಿದ್ದನ್ನೂ ನೋಡಿದ್ದೇನೆ. ಫ್ಯೂಸ್ ಇರುವುದು ವೈರು ಸುಡದಿರಲಿ ಅಂತ. ದೊಡ್ಡ ಫ್ಯೂಸ್ ಹಾಕಿದರೆ ವೈರೇ ಫ್ಯೂಸ್ ಆಗುತ್ತದೆ.

ಹಳೇ ವೈರು ಪರೀಕ್ಷಿಸಲು ಮೀಟರ್ ತೆಗೆದು ಬೀಪ್ ಮೋಡಿಗೆ ಹಾಕುವುದು ಎಲ್ಲರ ಅಭ್ಯಾಸ. ಬೀಪ್ ಬಂತು, ವೈರು ಸರಿ ಇದೆ ಅಂತಾರೆ. ಇದನ್ನು ನಂಬಬೇಡಿ. ಹತ್ತು ಹದಿನೈದು ಎಳೆಗಳಲ್ಲಿ ಒಂದೇ ಉಳಿದಿದ್ದರೂ ಬೀಪ್ ಬರುತ್ತದೆ. ಪೆಟ್ರೋಲ್ ಪಂಪಿನ ಲೆಕ್ಕ ನೋಡಿ. ಅದು ಸುಮಾರು 5 ಆಂಪ್ಸ್ ಎಳೆಯುತ್ತದೆ ಅನ್ನೋಣ. ದಾರಿಯಲ್ಲಿ ಎಲ್ಲೋ ಅರ್ಧ ಓಮ್ ತಡೆ ಇದೆ. ಮೀಟರಿನಲ್ಲಿ ಅರ್ಧ ಓಮ್ ಕಾಣುವುದೇ ಇಲ್ಲ, ಅಗ್ಗದ ಮೀಟರಿನ ವೈರುಗಳೇ ಅಷ್ಟು ತೋರಿಸುತ್ತವೆ. ಆದರೆ 5 ಆಂಪ್ಸ್ ಹರಿದಾಗ ಎರಡೂವರೆ ವೋಲ್ಟ್ ಅಲ್ಲೇ ಕಳೆದುಹೋಗುತ್ತದೆ. ಬ್ಯಾಟರಿಯಲ್ಲಿ 14 ಇದ್ದರೂ ಪಂಪಿಗೆ ಸಿಗುವುದು ಹನ್ನೊಂದೂವರೆ. ಊರೊಳಗೆ ಏನೂ ಗೊತ್ತಾಗುವುದಿಲ್ಲ. ಶಿರಾಡಿ ಘಾಟಿ ಹತ್ತುವಾಗ ಪಿಕಪ್ ಇಲ್ಲ!

ಹಾಗಾಗಿ ಕರೆಂಟು ಹರಿಯುತ್ತಿರುವಾಗಲೇ ಅಳೆಯಬೇಕು. ಮೀಟರನ್ನು 20 ವೋಲ್ಟ್ ಡಿಸಿಗೆ ಇಡಿ. ಒಂದು ಮೊನೆ ಬ್ಯಾಟರಿಯ ಪ್ಲಸ್ ಕಂಬಕ್ಕೆ, ಇನ್ನೊಂದು ಪಂಪಿನ ಪ್ಲಸ್ ವೈರಿಗೆ. ಪಂಪು ತಿರುಗುತ್ತಿರಲಿ. ಮೀಟರ್ ತೋರಿಸುವುದೇ ದಾರಿಯಲ್ಲಿ ಕಳೆದ ವೋಲ್ಟೇಜ್. ಅರ್ಧ ವೋಲ್ಟಿನೊಳಗಿದ್ದರೆ ಪರವಾಗಿಲ್ಲ. ಜಾಸ್ತಿ ಇದ್ದರೆ ಮೊನೆಯನ್ನು ಹಿಂದಕ್ಕೆ ತರುತ್ತಾ ಬನ್ನಿ, ರಿಲೇ, ಫ್ಯೂಸ್ ಬಾಕ್ಸ್, ಹೀಗೆ. ಎಲ್ಲಿ ರೀಡಿಂಗ್ ಥಟ್ಟನೆ ಇಳಿಯಿತೋ ಕಳ್ಳ ಅಲ್ಲಿಂದ ಪಂಪಿನ ಕಡೆಗಿರುವ ತುಂಡಿನಲ್ಲಿದ್ದಾನೆ. ಅರ್ತ್ ಕಡೆಯೂ ಹೀಗೆಯೇ. ಬ್ಯಾಟರಿ ಮೈನಸ್ ಕಂಬಕ್ಕೆ ಒಂದು ಮೊನೆ, ಇಂಜಿನ್ ಬ್ಲಾಕಿಗೆ ಒಂದು, ಯಾರಾದರೂ ಸೆಲ್ಫ್ ಹೊಡೆಯಲಿ. 0.2, 0.3 ವೋಲ್ಟ್ ಬಂದರೆ ಸರಿ. ಅರ್ಧ ದಾಟಿದರೆ ಅರ್ತ್ ಪಟ್ಟಿ ಬಿಚ್ಚಿ, ಅದರ ತುದಿಯ ಥಿಂಬಲ್ ಮತ್ತು ಬಾಡಿ ಎರಡನ್ನೂ ಉಜ್ಜಿ, ಮತ್ತೆ ಬಿಗಿ ಮಾಡಿ. ಖರ್ಚು ಒಂದು ತುಂಡು ಉಪ್ಪುಕಾಗದ.

ಇಂಜೆಕ್ಟರಿಗೂ ಇದಕ್ಕೂ ಏನು ಸಂಬಂಧ? ಇದೆ. ವೋಲ್ಟೇಜ್ ಕಡಿಮೆಯಾದರೆ ಸೂಜಿ ನಿಧಾನ ಏಳುತ್ತದೆ, ಪೆಟ್ರೋಲ್ ಕಡಿಮೆ ಬರುತ್ತದೆ. ಇದು ಇಂಜೆಕ್ಟರುಗಳನ್ನು ನಡೆಸುವ ಕಂಪ್ಯೂಟರ್ ಇಸಿಯುಗೂ ಗೊತ್ತು. ಬ್ಯಾಟರಿ ಇಳಿದಾಗ ಅದು ತಾನೇ ಸ್ವಲ್ಪ ಹೊತ್ತು ಜಾಸ್ತಿ ತೆರೆದಿಡುತ್ತದೆ. ಆದರೆ ಅದು ಅಳೆಯುವುದು ತನ್ನ ಹತ್ತಿರ ಬಂದ ವೋಲ್ಟೇಜನ್ನು. ಒಂದು ಇಂಜೆಕ್ಟರಿಗೆ ಹೋಗುವ ಬೇರೆ ವೈರಿನಲ್ಲಿ ಎರಡು ಓಮ್ ಸೇರಿಕೊಂಡರೆ ಅದಕ್ಕೆ ತಿಳಿಯುವುದೇ ಇಲ್ಲ. ಟಿಕ್ ಇದೆ, ಓಮ್ಸ್ ಇದೆ, ಆದರೂ ಆ ಒಂದು ಸಿಲಿಂಡರ್ ಹಸಿದಿದೆ. ಇಂಜೆಕ್ಟರ್ ಕ್ಲೀನ್ ಮಾಡಿಸಿದರೂ ಸರಿಯಾಗದ ಕಾರುಗಳಲ್ಲಿ ಈ ಕತೆ ಎಷ್ಟೋ ಸಲ ಇರುತ್ತದೆ. ಸ್ಕ್ಯಾನರ್ ಹಾಕಿ ನೋಡೋಣ ಅಂದರೆ 2000ದ ಆಸುಪಾಸಿನ ನಮ್ಮ ಕಾರುಗಳ ಜೊತೆ ಇವತ್ತಿನ ಅಗ್ಗದ ಸ್ಕ್ಯಾನರ್ ಮಾತಾಡುವುದೇ ಅಪರೂಪ.

ರಿಪೇರಿಯ ಬಗ್ಗೆ ಎರಡೇ ಮಾತು. ವೈರಿಗೆ ಪಿನ್ನು ಚುಚ್ಚಿ ಪರೀಕ್ಷೆ ಮಾಡಬೇಡಿ, ಆ ತೂತೇ ಮುಂದಿನ ಮಳೆಗಾಲದ ತೊಂದರೆ. ಕಪ್ಲರ್ ಹಿಂದಿನಿಂದ ಸಣ್ಣ ಮೊನೆ ತೂರಿಸಿ. ಮತ್ತೆ, ಇಂಜೆಕ್ಟರಿಗೆ ನೇರ ಬ್ಯಾಟರಿ ಕೊಟ್ಟು ಹಿಡಿದಿಡಬೇಡಿ. ಕಾಯಿಲ್ ಸುಡುತ್ತದೆ, ಒತ್ತಡ ಇದ್ದರೆ ಸಿಲಿಂಡರ್ ಒಳಗೆ ಪೆಟ್ರೋಲ್ ತುಂಬುತ್ತದೆ.

ಇನ್ನು ಪ್ರಶ್ನೆಗಳು.

ಪೂರ್ತಿ ವೈರಿಂಗ್ ಕಿಟ್ ಹಾಕಿಸಿಬಿಡುವುದು ಒಳ್ಳೆಯದಲ್ವಾ ಅಂತ ಒಬ್ಬರು ಕೇಳಿದರು. ಒರಿಜಿನಲ್ ಸಿಕ್ಕರೆ ಇಂಜಿನ್ ಹಾರ್ನೆಸ್ ಮಾತ್ರ ಹಾಕಿಸಿ, ಬಿಸಿ ತಿನ್ನುವುದು ಅದೇ. ಡ್ಯಾಶ್‌ಬೋರ್ಡ್ ಒಳಗಿನದು ಸಾಮಾನ್ಯವಾಗಿ ಚೆನ್ನಾಗೇ ಇರುತ್ತದೆ, ಯಾರೂ ಕೈ ಹಾಕಿರದಿದ್ದರೆ. ಬೆಂಗಳೂರಿನ ಜೆಸಿ ರೋಡಿನಲ್ಲಿ ಹೊಸ ಕಪ್ಲರ್, ಟರ್ಮಿನಲ್ ಬಿಡಿಯಾಗಿ ಸಿಗುತ್ತವೆ. ಶಿವಾಜಿನಗರದ ಗುಜರಿಯಿಂದ ಹಳೇ ಹಾರ್ನೆಸ್ ತರುವವರು ಒಂದು ವಿಷಯ ನೆನಪಿಡಿ, ಅದೂ ನಿಮ್ಮ ಕಾರಿನಷ್ಟೇ ಹಳೆಯದು.

ಪೆಟ್ರೋಲಿಗೆ ಎಥನಾಲ್ ಜಾಸ್ತಿ ಆಗಿದೆ, ಸದ್ದಿಗೆ ಅದು ಕಾರಣವಾ? ಟಿಕ್ ಸದ್ದಿಗೆ ಅಲ್ಲ. ಆದರೆ 20 ಪರ್ಸೆಂಟ್ ಎಥನಾಲ್ ಯೋಚನೆಯಲ್ಲೇ ಇಲ್ಲದ ಕಾಲದ ರಬ್ಬರ್ ಪೈಪು, ಓ-ರಿಂಗ್ ನಿಮ್ಮ ಕಾರಿನಲ್ಲಿವೆ. ಅವುಗಳನ್ನು ಬೆರಳಲ್ಲಿ ಒತ್ತಿ ನೋಡುತ್ತಿರಿ. ಗಟ್ಟಿಯಾಗಿದ್ದರೆ, ಸೀಳಿದ್ದರೆ, ಉಬ್ಬಿದ್ದರೆ ಕಾಯಬೇಡಿ.

ಇಲಿ? ನುಸಿಗುಳಿಗೆ, ಹೊಗೆಸೊಪ್ಪು, ಮೆಣಸಿನ ಪುಡಿ, ಎಲ್ಲ ಹಾಕಿದವರೂ ವೈರು ಕಡಿಸಿಕೊಂಡು ಬರುತ್ತಾರೆ. ಕಾರನ್ನು ಎರಡು ದಿನಕ್ಕೊಮ್ಮೆ ಓಡಿಸಿ, ಬಾನೆಟ್ ಎತ್ತಿ ನೋಡಿ. ಅದಕ್ಕಿಂತ ಒಳ್ಳೆಯ ಉಪಾಯ ನಾನು ಕಂಡಿಲ್ಲ.

ಕೊನೆಗೆ ಹಿಂದಿನ ಸಾಲಿನ ಒಬ್ಬ ಅಮ್ಮ ಕೇಳಿದರು, ಸರ್ವಿಸ್‌ನಲ್ಲಿ ಇಂಜಿನ್ ವಾಟರ್ ವಾಶ್ ಮಾಡಿಸಬಹುದಾ ಅಂತ. ಹಳೇ ಕಾರಿಗೆ ಬೇಡಮ್ಮ. ಕಪ್ಲರ್ ಒಳಗಿನ ರಬ್ಬರ್ ಸೀಲುಗಳು ಇಷ್ಟು ಹೊತ್ತಿಗೆ ಕಲ್ಲಾಗಿರುತ್ತವೆ, ಪ್ರೆಶರ್ ನೀರು ನೇರ ಒಳಗೆ ಹೋಗುತ್ತದೆ. ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಸಾಕು. ಈಗಾಗಲೇ ತೊಳೆಸಿ ಮಾರನೇ ದಿನ ಮಿಸ್ಸಿಂಗ್ ಶುರುವಾಗಿದ್ದರೆ ಇಂಜೆಕ್ಟರಿನ ಮಾತೆತ್ತಬೇಡಿ. ಪ್ಲಗ್ ಗುಂಡಿಯಲ್ಲಿ ನೀರು ನಿಂತಿದೆಯಾ ನೋಡಿಸಿ. ಕಪ್ಲರ್‌ಗಳನ್ನು ಒಂದೊಂದಾಗಿ ಬಿಚ್ಚಿ, ಗಾಳಿ ಹೊಡೆಸಿ, ಒಣಗಿದ ಮೇಲೆ ಹಾಕಿಸಿ.